ಮಾರ್ಥಳ ಮನೆಯ ಚಿಂತೆ, ನಮ್ಮ ಮನೆಯ ಮಳೆ



ಜುಲೈ 29 ಸಂತ ಮಾರ್ಥಳ ಹಬ್ಬ. 2021ರಿಂದ ಧರ್ಮಸಭೆಯು ಅದೇ ದಿನ ಅವಳ ಒಡಹುಟ್ಟಿದ ಮರಿಯ ಮತ್ತು ಲಾಜರರನ್ನೂ ಸೇರಿಸಿ ಮೂವರನ್ನು ಸ್ಮರಿಸುತ್ತಿದೆ. ನಮ್ಮ ಕೊಡಗಿನಲ್ಲಿ ಈ ದಿನ ಬರುವುದು ಕಕ್ಕಡದ ನಡುವೆ. ಮದ್ದುಪಾಯಸಕ್ಕೆ ಇನ್ನೂ ನಾಲ್ಕೈದು ದಿನ ಇರುತ್ತದೆ. ಹೊರಗೆ ಬಿಡದ ಮಳೆ, ಒಳಗೆ ಒಣಗದ ಬಟ್ಟೆ, ಹಸಿ ಸೌದೆಯ ಹೊಗೆ. ತೋಟದಲ್ಲಿ ಕೆಲಸ ಕಡಿಮೆ, ಅಂಗಡಿಯಲ್ಲಿ ಸಾಲ ಜಾಸ್ತಿ. ಚಿಂತೆ ಮಾಡುವುದಕ್ಕೆ ಇದಕ್ಕಿಂತ ತಕ್ಕ ತಿಂಗಳು ಬೇರೆ ಇಲ್ಲ. ಅದಕ್ಕಾಗಿಯೇ ಈ ಸಲದ ಪಾಠಕ್ಕೆ ಮಾರ್ಥಳನ್ನು ಆರಿಸಿಕೊಂಡಿದ್ದೇವೆ.

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದೀರಿ. ಬೈಬಲ್ ಓದದವರಿಗೂ ಮಾರ್ಥಳ ಪರಿಚಯ ಕಷ್ಟವಾಗುವುದಿಲ್ಲ. ಅವಳು ಮನೆ ನಡೆಸುವ ಹೆಂಗಸು, ಅಷ್ಟೇ. ಓದು ಬರುವ ಒಬ್ಬರು ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಮಧ್ಯೆ ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಓದು ನಿಲ್ಲಿಸಿ, ಅವರ ಮಾತು ಕೇಳಿ. ಉಳಿದದ್ದನ್ನು ಮುಂದಿನ ವಾರ ಓದಬಹುದು, ಅವಸರವೇನೂ ಇಲ್ಲ.

ಅಡುಗೆಮನೆಯಲ್ಲಿ ಮಾರ್ಥ

ಲೂಕನ ಶುಭಸಂದೇಶದ 10ನೇ ಅಧ್ಯಾಯದ ಕೊನೆಯಲ್ಲಿ ಈ ಕಥೆ ಬರುತ್ತದೆ. ಯೇಸುಸ್ವಾಮಿ ಊರೂರು ಸುತ್ತುತ್ತಾ ಒಂದು ಹಳ್ಳಿಗೆ ಬರುತ್ತಾರೆ. ಮಾರ್ಥ ಅವರನ್ನು ಮನೆಗೆ ಕರೆಯುತ್ತಾಳೆ. ಕರೆದವಳು ಅವಳೇ, ಇದನ್ನು ಮರೆಯಬಾರದು. ಮರಿಯ ಹೋಗಿ ಸ್ವಾಮಿಯ ಪಾದದ ಬಳಿ ಕುಳಿತು ಅವರ ಮಾತು ಕೇಳುತ್ತಾಳೆ. ಮಾರ್ಥಳಿಗೆ ಒಳಗೆ ಕೈತುಂಬಾ ಕೆಲಸ. ಸ್ವಲ್ಪ ಹೊತ್ತು ತಡೆದುಕೊಂಡಿರಬೇಕು. ಆಮೇಲೆ ಬಂದು, ಬಂದ ಅತಿಥಿಯ ಹತ್ತಿರವೇ ದೂರು ಹೇಳುತ್ತಾಳೆ: ಎಲ್ಲ ಕೆಲಸ ನನ್ನೊಬ್ಬಳ ತಲೆಗೆ ಬಿದ್ದಿದೆ, ನೋಡಿದರೂ ನಿಮಗೆ ಏನೂ ಅನ್ನಿಸುವುದಿಲ್ಲವೇ, ಇವಳಿಗೆ ಸ್ವಲ್ಪ ಹೇಳಬಾರದೇ ಎಂದು.

ಯೇಸುಸ್ವಾಮಿ ಅವಳ ಹೆಸರನ್ನು ಎರಡು ಸಲ ಕರೆಯುತ್ತಾರೆ. ಬೈಯುವವರು ಹಾಗೆ ಕರೆಯುವುದಿಲ್ಲ. ಜ್ವರದಲ್ಲಿ ಮಲಗಿದ ಮಗುವನ್ನು ತಾಯಿ ಹತ್ತಿರ ಕೂತು ಕರೆಯುವ ರೀತಿ ಅದು. ನಿನ್ನ ತಲೆಯಲ್ಲಿ ಹತ್ತಾರು ವಿಷಯಗಳ ಕಳವಳ ತುಂಬಿದೆ, ಬೇಕಾಗಿರುವುದು ಒಂದೇ ಎಂಬ ಅರ್ಥದ ಮಾತು ಹೇಳುತ್ತಾರೆ.

ಈ ಕಥೆಯ ಮೇಲೆ ನೀವು ಚರ್ಚಿನಲ್ಲಿ ಎಷ್ಟೋ ಪ್ರಬೋಧನೆ ಕೇಳಿರಬಹುದು. ಹೆಚ್ಚಿನದರಲ್ಲಿ ಮರಿಯ ಗೆಲ್ಲುತ್ತಾಳೆ, ಮಾರ್ಥ ಸೋಲುತ್ತಾಳೆ. ನಮಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಅಡುಗೆ ಮಾಡಿದ್ದು ತಪ್ಪು ಅಂತ ಸ್ವಾಮಿ ಎಲ್ಲಿಯೂ ಹೇಳಲಿಲ್ಲ. ಮಾರ್ಥ ಒಲೆ ಹಚ್ಚದಿದ್ದರೆ ಆ ದಿನ ಎಲ್ಲರೂ ಹಸಿದೇ ಇರಬೇಕಾಗಿತ್ತು, ಪ್ರಬೋಧನೆ ಮಾಡುವವರೂ ಇದನ್ನು ನೆನಪಿಟ್ಟರೆ ಒಳ್ಳೆಯದು. ಸ್ವಾಮಿ ಕಂಡದ್ದು ಅವಳ ಕೈಕೆಲಸವನ್ನಲ್ಲ, ಅವಳ ತಲೆಯ ಭಾರವನ್ನು. ಕೈ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ತರಕಾರಿ ಹೆಚ್ಚುವಾಗ ಹೆಚ್ಚುತ್ತದೆ, ರೊಟ್ಟಿ ತಟ್ಟುವಾಗ ತಟ್ಟುತ್ತದೆ. ತಲೆ ಹಾಗಲ್ಲ. ಅಕ್ಕಿ ತೊಳೆಯುವಾಗಲೇ ಮಗನ ಫೀಸು, ಶುಕ್ರವಾರದ ಕಂತು, ಸೋರುವ ಮಾಡು, ಗಂಡ ಕುಡಿದು ಬರ್ತಾನೋ ಹಾಗೇ ಬರ್ತಾನೋ, ಸಂಜೆ ದಾರಿಯಲ್ಲಿ ಆನೆ ನಿಂತಿದ್ದರೆ ಎಂತ ಮಾಡೋದು, ಎಲ್ಲವೂ ಒಟ್ಟಿಗೆ ಬರುತ್ತವೆ. ಕೆಲಸದಿಂದ ಆದ ಆಯಾಸ ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಚಿಂತೆಯ ಆಯಾಸ ಆ ನಿದ್ದೆಯನ್ನೇ ತಿಂದುಬಿಡುತ್ತದೆ. ಚಿಂತೆಗೂ ಚಿತೆಗೂ ಒಂದು ಸೊನ್ನೆ ಮಾತ್ರ ವ್ಯತ್ಯಾಸ ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಇನ್ನೊಂದು ವಿಷಯ ಗಮನಿಸಿ. ಚಿಂತೆ ಹೆಚ್ಚಾದಾಗ ಮಾರ್ಥಳಿಗೆ ತಾನು ಒಬ್ಬಳೇ ಅನ್ನಿಸಿತು. ಮನೆ ತುಂಬಾ ಜನ ಇದ್ದರೂ ಒಬ್ಬಳೇ. ಅತಿಥಿಗೆ ನನ್ನ ಮೇಲೆ ಕಾಳಜಿ ಇಲ್ಲ ಅನ್ನಿಸಿತು. ಮರಿಯಳ ಮೇಲೆ ಸಿಟ್ಟು ಬಂತು. ಚಿಂತೆ ಮಾಡುವ ಮೊದಲ ಕೆಲಸವೇ ಇದು: ನಮ್ಮನ್ನು ಉಳಿದವರಿಂದ ಬೇರೆ ಮಾಡಿ ಮೂಲೆಯಲ್ಲಿ ಕೂರಿಸುತ್ತದೆ. ಸಂಘದ ಸಭೆಗೆ ಎರಡು ವಾರ ಬಾರದವಳ ಮನೆಗೆ ಹೋಗಿ ನೋಡಿ. ಹತ್ತರಲ್ಲಿ ಎಂಟು ಸಲ ಅವಳು ಕಂತು ಕಟ್ಟಲು ದುಡ್ಡಿಲ್ಲದೆ, ಮುಖ ತೋರಿಸಲು ನಾಚಿ ಮನೆಯಲ್ಲಿ ಕೂತಿರುತ್ತಾಳೆ.

ನಾಳೆಗೆ ಇಡುವುದು ಅಪನಂಬಿಕೆಯೇ?

ಕೆಲವು ಸದಸ್ಯರು ಕೇಳುವುದುಂಟು. ನಾಳೆಯ ಚಿಂತೆ ಬೇಡ ಅಂತ ಯೇಸುಸ್ವಾಮಿ ಹೇಳಿದ್ದಾರಲ್ಲ, ಮತ್ತೆ ನಾವು ವಾರ ವಾರ ಉಳಿತಾಯ ಯಾಕೆ ಮಾಡಬೇಕು ಅಂತ. ಒಳ್ಳೆಯ ಪ್ರಶ್ನೆ.

ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಆ ಬೋಧನೆ ಇದೆ. ಆಕಾಶದ ಹಕ್ಕಿಗಳನ್ನೂ ಬಯಲಿನ ಹೂಗಳನ್ನೂ ಅಲ್ಲಿ ತೋರಿಸುತ್ತಾರೆ. ಹಕ್ಕಿಗಳಿಗೆ ಕಣಜ ಇಲ್ಲ, ನಿಜ. ಆದರೆ ಯಾವ ಹಕ್ಕಿಯೂ ಗೂಡಿನಲ್ಲಿ ಬಾಯಿ ತೆರೆದು ಕೂತಿರುವುದಿಲ್ಲ. ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾಗುವವರೆಗೆ ದುಡಿಯುತ್ತದೆ. ಅದು ಮಾಡದೇ ಇರುವುದು ಒಂದೇ, ನಾಳೆಯ ಹಸಿವನ್ನು ಇವತ್ತೇ ಅನುಭವಿಸುವುದು. ಈ ಮಾತನ್ನು ಕೇಳುತ್ತಿದ್ದವರು ಯಾರು ಅನ್ನುವುದನ್ನೂ ನೋಡಬೇಕು. ಮೀನುಗಾರರು, ರೈತರು, ದಿನಗೂಲಿಯವರು, ತೆರಿಗೆಯ ಹೊರೆಯಲ್ಲಿ ಬಳಲಿದ ಜನ. ಮತ್ತಾಯ 20ರ ಸಾಮತಿಯಲ್ಲಿ ಸಂಜೆ ಐದರ ತನಕ ಕೂಲಿಗೆ ಕರೆಯುವವರಿಲ್ಲದೆ ಸಂತೆಬೀದಿಯಲ್ಲಿ ನಿಂತವರು ಬರುತ್ತಾರೆ. ಬೆಳಿಗ್ಗೆ ಬುತ್ತಿ ಹಿಡಿದು ಜೀಪಿಗೆ ಕಾಯುವವರಿಗೆ, ಲೈನ್‌ಮನೆಯಿಂದ ತೋಟಕ್ಕೆ ನಡೆಯುವವರಿಗೆ ಆ ಬೀದಿ ಗೊತ್ತು. ಅವರ ಕಷ್ಟ ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ಕಲಿಸಿದ ಪ್ರಾರ್ಥನೆಯಲ್ಲಿಯೂ ಕೇಳಲು ಹೇಳಿದ್ದು ಇವತ್ತಿನ ಊಟವನ್ನು, ಇಡೀ ವರ್ಷದ್ದನ್ನಲ್ಲ.

ಹಾಗಾದರೆ ಉಳಿತಾಯ? ಆದಿಕಾಂಡದ 41ನೇ ಅಧ್ಯಾಯದಲ್ಲಿ ಜೋಸೆಫನ ಕಥೆ ಓದಿ. ಐಗುಪ್ತದಲ್ಲಿ ಏಳು ವರ್ಷ ಒಳ್ಳೆಯ ಬೆಳೆ, ಆಮೇಲೆ ಏಳು ವರ್ಷ ಬರ. ಒಳ್ಳೆಯ ವರ್ಷಗಳಲ್ಲಿ ಐದರಲ್ಲಿ ಒಂದು ಪಾಲು ತೆಗೆದಿಡಿ ಎಂದು ಜೋಸೆಫ ಹೇಳಿದ. ದೇವರ ಮನುಷ್ಯನೇ ಹೇಳಿದ ಉಳಿತಾಯ ಅದು. ನಮಗೂ ಹಾಗೇ. ಡಿಸೆಂಬರಿನಿಂದ ಫೆಬ್ರುವರಿ ತನಕ ಕಾಫಿ ಕೊಯ್ಲಿನ ಕೂಲಿ ಕೈಯಲ್ಲಿ ಓಡಾಡುತ್ತದೆ. ಜೂನ್‌ನಿಂದ ಆಗಸ್ಟ್ ಕೈ ಬರಿದು. ಕೊಯ್ಲಿನ ದುಡ್ಡಿನಲ್ಲಿ ಮಳೆಗಾಲಕ್ಕೆ ಅಂತ ತೆಗೆದಿಟ್ಟವಳು ಜುಲೈಯಲ್ಲಿ ಕಡಿಮೆ ಚಿಂತೆ ಮಾಡುತ್ತಾಳೆ. ತಯಾರಿ ಮಾಡಿದ ಮೇಲೆ ದೇವರ ಮೇಲೆ ಭಾರ ಹಾಕುವುದು ವಿಶ್ವಾಸ. ಏನೂ ಮಾಡದೆ ಹಾಕುವುದಕ್ಕೆ ನಮ್ಮ ಕಡೆ ಬೇರೆ ಹೆಸರು ಉಂಟು, ಅದನ್ನು ಇಲ್ಲಿ ಬರೆಯುವುದು ಬೇಡ.

ಸಾಲದ ಚಿಂತೆಯ ಬಗ್ಗೆ ಪ್ರತ್ಯೇಕವಾಗಿ ಎರಡು ಮಾತು, ಯಾಕೆಂದರೆ ಈಗ ಹೆಚ್ಚಿನವರ ನಿದ್ದೆ ಕೆಡಿಸುತ್ತಿರುವುದು ಅದೇ. ಒಂದು ಕಡೆಯ ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಮೂರನೆಯದು. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಮುಂದೆ ಅವಮಾನ. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ತಂದಿದೆ. ಅದರ ಪ್ರಕಾರ ಒಂದು ಕುಟುಂಬ ಎಲ್ಲ ಸಾಲ ಸೇರಿ ಕಟ್ಟಬೇಕಾದ ತಿಂಗಳ ಕಂತು, ಆ ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡಿ ಕಾಡುವಂತಿಲ್ಲ. ಬೈದು ಬೆದರಿಸಿ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರವೂ 2025ರಲ್ಲಿ ಪ್ರತ್ಯೇಕ ಕಾನೂನು ತಂದಿತು. ಯಾರಾದರೂ ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಒಬ್ಬಳೇ ಹೋಗಬೇಡಿ, ಸಂಘದ ಪ್ರತಿನಿಧಿಗಳನ್ನು ಕರೆದುಕೊಂಡು ಹೋಗಿ. ಸಾಲ ತೀರಿಸುವುದು ನಮ್ಮ ಧರ್ಮ, ಆದರೆ ಮರ್ಯಾದೆ ಮಾರಿ ತೀರಿಸಬೇಕು ಅಂತ ಯಾವ ಧರ್ಮವೂ ಹೇಳುವುದಿಲ್ಲ.

‘ಹಾಗೆ ಮಾಡಿದ್ದರೆ...’

ಮಾರ್ಥಳ ಎರಡನೇ ಕಥೆ ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯದಲ್ಲಿದೆ. ಲಾಜರನಿಗೆ ಕಾಯಿಲೆ. ಅಕ್ಕತಂಗಿಯರು ಯೇಸುಸ್ವಾಮಿಗೆ ಹೇಳಿ ಕಳುಹಿಸುತ್ತಾರೆ. ಅವರು ತಕ್ಷಣ ಬರಲಿಲ್ಲ. ಬರುವಷ್ಟರಲ್ಲಿ ಲಾಜರ ಸತ್ತು ಸಮಾಧಿಯಾಗಿ ನಾಲ್ಕು ದಿನ ಆಗಿತ್ತು. ಸ್ವಾಮಿ ಬಂದ ಸುದ್ದಿ ಕೇಳಿದ್ದೇ ಮಾರ್ಥ ಎದ್ದು ಊರ ಹೊರಗೇ ಅವರನ್ನು ಎದುರುಗೊಳ್ಳುತ್ತಾಳೆ. ಮೊದಲು ಅವಳ ಬಾಯಲ್ಲಿ ಬಂದದ್ದು ನಮಸ್ಕಾರ ಅಲ್ಲ. ನೀವು ಇಲ್ಲಿ ಇದ್ದಿದ್ದರೆ ಅವನು ಉಳಿಯುತ್ತಿದ್ದ ಎಂಬ ಮಾತು. ಆಮೇಲೆ ಮರಿಯ ಬಂದಳು, ಅವಳೂ ಅದೇ ಮಾತನ್ನು ಹೇಳಿದಳು. ನಾಲ್ಕು ದಿನ ಆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡಿರಬೇಕು.

ಸಾವಾದ ಮನೆಗಳಲ್ಲಿ ನಾವು ಕೇಳುವುದು ಈ ವಾಕ್ಯವನ್ನೇ. ಆವತ್ತೇ ಮಡಿಕೇರಿಗೆ ಕರೆದುಕೊಂಡು ಹೋಗಿದ್ದರೆ. ಸಾಲ ಮಾಡಿಯಾದರೂ ಸ್ಕ್ಯಾನ್ ಮಾಡಿಸಿದ್ದರೆ. ಆ ದಿನ ಅವನನ್ನು ತೋಟಕ್ಕೆ ಕಳುಹಿಸದೇ ಇದ್ದಿದ್ದರೆ.

2018ರ ಆಗಸ್ಟ್ ನಡುವಿನ ಆ ದಿನಗಳನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಮನೆ, ಗದ್ದೆ, ಕಾಫಿ ಗಿಡ, ಕಟ್ಟಿದ್ದ ಹಸು, ಎಲ್ಲ ಒಂದೇ ಕೆಸರಾಯಿತು. ಮುಂದಿನ ವರ್ಷ 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳ ಒಳಗೆ ಬಂದಳು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯಲ್ಲಿದ್ದ ಐವರನ್ನು ತೆಗೆದುಕೊಂಡಿತು. 2024ರಲ್ಲಿ ಪಕ್ಕದ ವಯನಾಡಿನಲ್ಲಿ, ಮಾರ್ಥಳ ಹಬ್ಬದ ರಾತ್ರಿ ಕಳೆದು ಜುಲೈ 30ರ ನಸುಕಿನಲ್ಲಿ, ಮುಂಡಕ್ಕೈ, ಚೂರಲ್‌ಮಲೆ ಊರುಗಳು ಮಲಗಿದ್ದಲ್ಲೇ ಕೊಚ್ಚಿಹೋದವು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಲ್ಲಿ ನೆಂಟಸ್ತನ ಉಂಟು.

ಇಷ್ಟಾದ ಮೇಲೆ ಮಳೆ ಜೋರಾದ ರಾತ್ರಿ ಯಾರಿಗೆ ತಾನೇ ನಿದ್ದೆ ಬರುತ್ತದೆ? ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ ಕೊರಗು. ಸಂಜೆಯೇ ಹೊರಟುಬಿಡಬೇಕಿತ್ತು. ಅತ್ತೆ ಬರೋದಿಲ್ಲ ಅಂದಾಗ ಬಲವಂತವಾಗಿ ಎತ್ತಿಕೊಂಡು ಬರಬೇಕಿತ್ತು. ಹಸುವಿನ ಹಗ್ಗ ಬಿಚ್ಚಿ ಬರಬೇಕಿತ್ತು. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಹೊಸ ಮನೆ ಸಿಕ್ಕಿತು. ಹೊಸ ಗೋಡೆಗಳ ಒಳಗೂ ಈ ‘ಬೇಕಿತ್ತು’ ಹಿಂದೆಯೇ ಬಂದು ಸೇರಿಕೊಂಡಿತು.

ಕೆಲವರು ಇದಕ್ಕೆ ಇನ್ನೂ ಒಂದು ಸೇರಿಸಿದರು. ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ. ಈ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ, ಯೇಸುಸ್ವಾಮಿಯೂ ಒಪ್ಪಲಿಲ್ಲ. ಲೂಕ 13ನೇ ಅಧ್ಯಾಯ ನೋಡಿ. ಸಿಲೋವಾಮ್ ಎಂಬಲ್ಲಿ ಒಂದು ಗೋಪುರ ಕುಸಿದು 18 ಜನ ಸತ್ತಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಸ್ವಾಮಿ ಸ್ಪಷ್ಟವಾಗಿ ಹೇಳಿದರು. ಗುಡ್ಡ ಜಾರಿದ್ದಕ್ಕೆ ಅತಿಯಾದ ಮಳೆ ಕಾರಣ. ಇಳಿಜಾರನ್ನು ಜೆಸಿಬಿಯಿಂದ ಕಡಿದು ರಸ್ತೆ, ಕಟ್ಟಡ ಮಾಡಿದ್ದು ಕಾರಣ. ಭೂವಿಜ್ಞಾನಿಗಳು ಬಂದು ನೋಡಿ ಹೇಳಿದ್ದು ಇದನ್ನೇ. ಮಣ್ಣಿನಡಿ ಹೋದ ಬಡ ಹೆಂಗಸಿನ ಪಾಪ ಅಲ್ಲ. ಪಶ್ಚಾತ್ತಾಪ ಪಡಬೇಕಾದವರು ಇದ್ದರೆ ಅದು ಲಾಭಕ್ಕಾಗಿ ಗುಡ್ಡ ಕಡಿದವರು. ನಮ್ಮ ಮನೆಯ ಹಿಂದಿನ ಬರೆಯನ್ನು ಇನ್ನಷ್ಟು ಕಡಿಯದೇ ಇರುವುದು, ನೀರು ಹೋಗುವ ಚರಂಡಿ ಬಿಡಿಸುವುದು, ಇವೂ ಪಶ್ಚಾತ್ತಾಪದ ಕೆಲಸಗಳೇ.

ಕೊರಗು ಬೇರೆ, ಪಶ್ಚಾತ್ತಾಪ ಬೇರೆ ಎಂಬುದು ಇಲ್ಲಿ ಕಾಣುತ್ತದೆ. ಯೇಸುಸ್ವಾಮಿಯ ಶಿಷ್ಯರಲ್ಲಿ ಇಬ್ಬರು ಒಂದೇ ರಾತ್ರಿ ದೊಡ್ಡ ತಪ್ಪು ಮಾಡಿದರು. ಯೂದ ದುಡ್ಡಿಗಾಗಿ ಹಿಡಿದುಕೊಟ್ಟ. ಪೇತ್ರ ಆ ಮನುಷ್ಯ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ. ಇಬ್ಬರಿಗೂ ದುಃಖವಾಯಿತು. ಯೂದ 30 ಬೆಳ್ಳಿ ನಾಣ್ಯಗಳನ್ನು ವಾಪಸ್ ಕೂಡ ಕೊಟ್ಟ, ತಪ್ಪು ಮಾಡಿದೆ ಅಂತ ಒಪ್ಪಿಕೊಂಡ. ಆದರೆ ಒಪ್ಪಿಕೊಂಡದ್ದು ಅವನನ್ನು ಬಳಸಿಕೊಂಡು ಬಿಸಾಡಿದವರ ಮುಂದೆ. ನಿನ್ನ ಗತಿ ನೀನು ನೋಡಿಕೋ ಎಂದು ಅವರು ಕೈ ತೊಳೆದುಕೊಂಡರು. ಅವನು ಒಬ್ಬನೇ ಹೋದ, ಒಬ್ಬನೇ ಸತ್ತ. ಪೇತ್ರನೂ ಬಿಕ್ಕಿಬಿಕ್ಕಿ ಅತ್ತ. ಆದರೆ ಅತ್ತು ಮತ್ತೆ ಗೆಳೆಯರ ನಡುವೆಯೇ ಬಂದ. ಅವರ ಜೊತೆ ಮೀನು ಹಿಡಿಯಲು ಹೋದ. ಅಲ್ಲಿ, ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಾ ಸ್ವಾಮಿ ಕಾದಿದ್ದರು. ಮೊದಲು ತಿನ್ನಲು ಕೊಟ್ಟರು. ಮಾತು ಆಮೇಲೆ.

ಕೊರಗುವವಳನ್ನು ಒಬ್ಬಳೇ ಬಿಡಬಾರದು. ಆದದ್ದನ್ನು ಯಾರಾದರೂ ಒಬ್ಬರ ಮುಂದೆ ಬಾಯಿ ಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಕ್ಯಾಥೋಲಿಕರಿಗೆ ಪಾಪನಿವೇದನೆ ಉಂಟು. ಬೇರೆಯವರು ನಂಬಿಕೆಯ ಒಬ್ಬ ಅಕ್ಕನ ಹತ್ತಿರ ಹೇಳಿಕೊಳ್ಳಬಹುದು. ನಿಜವಾಗಿ ತಪ್ಪು ಮಾಡಿದ್ದರೆ ಸರಿಪಡಿಸುವ ದಾರಿ ಹುಡುಕಿ, ಕೊಡಬೇಕಾದದ್ದನ್ನು ಕೊಡಿ, ಕ್ಷಮೆ ಕೇಳಿ. ತಪ್ಪೇ ಮಾಡದೆ ಕೊರಗುತ್ತಿದ್ದರೆ, ಅದು ತಪ್ಪಲ್ಲ ಅಂತ ಬೇರೆಯವರ ಬಾಯಿಂದ ಕೇಳಬೇಕು, ಒಂದು ಸಲ ಅಲ್ಲ, ಹತ್ತು ಸಲ.

ಕೆಲವರ ಚಿಂತೆ, ಕೊರಗು ಮಾತಿನಿಂದ ಹೋಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕಿ ಎಂತ ಪ್ರಯೋಜನ ಅನ್ನುವ ಮಾತು ಬರುತ್ತದೆ. ಅದನ್ನು ವಿಶ್ವಾಸ ಸಾಲದು ಅಂತ ಹೇಳಬೇಡಿ, ಅದು ಕಾಯಿಲೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಂಡಂತೆ ಇದಕ್ಕೂ ತೆಗೆದುಕೊಳ್ಳಬೇಕು. ಅಂಥವಳನ್ನು ಒಂಟಿಯಾಗಿ ಬಿಡದೆ ಹತ್ತಿರ ಇರಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಿಂದ ಟೆಲಿಮನಸ್ ಎಂಬ ಸರ್ಕಾರಿ ದೂರವಾಣಿ ಸೇವೆ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಈ ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಕರುಳಿನ ಮಾತು

ಈಗ ಬೆಥಾನಿಯಕ್ಕೆ ವಾಪಸ್ ಹೋಗೋಣ. ಮರಿಯ ಅಳುತ್ತಾ ಬಂದು ಅದೇ ಮಾತು ಹೇಳಿದಾಗ ಯೇಸುಸ್ವಾಮಿ ಎಂತ ಮಾಡಿದರು? ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಅಳಬೇಡ, ನೋಡ್ತಾ ಇರು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವರೂ ಅತ್ತರು. ದೇವರ ಮಗ ಒಬ್ಬ ಹೆಂಗಸಿನ ಜೊತೆ ಬೀದಿಯಲ್ಲಿ ನಿಂತು ಅತ್ತದ್ದು ನಮಗೆ ದೊಡ್ಡ ಪವಾಡವಾಗಿ ಕಾಣುತ್ತದೆ.

ದುಃಖದ ಮನೆಗೆ ಹೋದಾಗ ಏನಾದರೂ ಹೇಳಲೇಬೇಕು ಅಂತ ನಾವು ಒದ್ದಾಡುತ್ತೇವೆ. ದೇವರ ಚಿತ್ತ ಅಂತೀವಿ. ಹೋದವರು ಪುಣ್ಯವಂತರು ಅಂತೀವಿ. ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಮಗು ಆಗುತ್ತೆ ಅಂತಲೂ ಹೇಳುವವರು ಇದ್ದಾರೆ. ಸುಮ್ಮನೆ ಪಕ್ಕದಲ್ಲಿ ಕೂತು, ಗಂಜಿ ಬಿಸಿ ಮಾಡಿ ಕೊಟ್ಟು, ಪಾತ್ರೆ ತೊಳೆದಿಟ್ಟು ಬಂದರೆ ಅದೇ ಸಾಕು.

ಮಾರ್ಥಳ ಅಡುಗೆಮನೆಯ ಕಥೆಗೆ ಸರಿಯಾಗಿ ಮುಂಚೆ, ಲೂಕ 10ರಲ್ಲೇ, ಒಳ್ಳೆಯ ಸಮಾರಿಯದವನ ಸಾಮತಿ ಇದೆ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡು ಅವನಿಗೆ ಕನಿಕರವಾಯಿತು ಅಂತ ನಾವು ಓದುತ್ತೇವೆ. ಗ್ರೀಕ್ ಮೂಲದಲ್ಲಿ ಆ ಪದದ ಬೇರು ಹೊಟ್ಟೆಯೊಳಗಿನ ಕರುಳು. ನಾವು ಕನ್ನಡದಲ್ಲಿ ಕರುಳು ಚುರುಕ್ ಅಂದಿತು ಅನ್ನುತ್ತೇವಲ್ಲ, ಸರಿಯಾಗಿ ಅದೇ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ದೇವರ ಕರುಣೆಗೆ ಬಳಸುವ ಒಂದು ಪದ ಗರ್ಭ ಎನ್ನುವ ಪದದ ಒಡಹುಟ್ಟು. ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಮಾರಿಯದವನ ಕರುಣೆ ಕಣ್ಣೀರಿನಲ್ಲಿ ನಿಲ್ಲಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿದ, ಬಟ್ಟೆ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಸೇರಿಸಿದ. ಎರಡು ದಿನದ ಕೂಲಿಯಷ್ಟು ಹಣ ಮುಂಗಡ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದ. ಲೆಕ್ಕ ಇಟ್ಟ ಕರುಣೆ ಅದು. ನಮ್ಮ ಸಂಘಗಳಿಗೆ ಈ ಮನುಷ್ಯ ಬಹಳ ಹತ್ತಿರದವನು. ತುರ್ತು ಸಾಲಕ್ಕೆ ಅಂತ ಪ್ರತ್ಯೇಕ ನಿಧಿ ಇಟ್ಟಿರುವ ಸಂಘ, ಹೆರಿಗೆಗೋ ಆಸ್ಪತ್ರೆಗೋ ರಾತ್ರಿಯಲ್ಲಿ ದುಡ್ಡು ಕೊಟ್ಟು ಬೆಳಿಗ್ಗೆ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳುವ ಸಂಘ, ಅದನ್ನೇ ಮಾಡುತ್ತಿರುವುದು.

2018ರಲ್ಲಿ ಕೊಡಗು ಇದನ್ನು ಕಣ್ಣಾರೆ ನೋಡಿತು. ಶಾಲೆಗಳು, ಸಮಾಜದ ಕಟ್ಟಡಗಳು, ಕಲ್ಯಾಣ ಮಂಟಪಗಳು ಪರಿಹಾರ ಕೇಂದ್ರಗಳಾದವು. ಚರ್ಚು, ಮಸೀದಿ, ದೇವಸ್ಥಾನ ಅಂತ ನೋಡದೆ ಜನ ಬಾಗಿಲು ತೆರೆದರು. ಬೇರೆ ಬೇರೆ ಜಾತಿಯವರು ಒಂದೇ ಒಲೆಯ ಅನ್ನ ಉಂಡರು. ದೂರದ ಜಿಲ್ಲೆಗಳಿಂದ ಅಕ್ಕಿ, ಕಂಬಳಿ ಲಾರಿಯಲ್ಲಿ ಬಂತು. ಆ ತಿಂಗಳ ಹಬ್ಬಗಳನ್ನು, ಸೆಪ್ಟೆಂಬರಿನ ಕೈಲ್ ಪೊಳ್ದನ್ನೂ, ಎಷ್ಟೋ ಮನೆಯವರು ಸದ್ದಿಲ್ಲದೆ ಕಳೆದರು.

ಕೊಡಗಿನ ಕ್ಯಾಥೋಲಿಕರ ಚರಿತ್ರೆಯೂ ಇಂಥದ್ದೇ ಒಂದು ತೆರೆದ ಬಾಗಿಲಿನಿಂದ ಶುರುವಾಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರಲ್ಲಿ ಕೊಡಗಿನವರೂ ಇದ್ದರು, ಕರಾವಳಿಯ ಕೊಂಕಣಿ ಕ್ರೈಸ್ತರೂ ಇದ್ದರು. ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ರಾಜ ದೊಡ್ಡವೀರರಾಜೇಂದ್ರ ತಾನು ಹೊಸದಾಗಿ ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಕಥೆ ಶುರುವಾಗುವುದು 1792ರಲ್ಲಿ, ಆ ಆಶ್ರಯದಿಂದ. ತಾನೇ ಸೆರೆಯ ಕಷ್ಟ ಕಂಡಿದ್ದ ರಾಜ ಬೇರೆ ಧರ್ಮದ ನಿರಾಶ್ರಿತರಿಗೆ ಜಾಗ ಕೊಟ್ಟ ಎನ್ನುವುದನ್ನು ನಮ್ಮ ಮಕ್ಕಳಿಗೂ ಹೇಳಬೇಕು. ಇವತ್ತು ಅಸ್ಸಾಮಿನಿಂದ, ಬೇರೆ ರಾಜ್ಯಗಳಿಂದ ಮಕ್ಕಳುಮರಿ ಕಟ್ಟಿಕೊಂಡು ತೋಟದ ಕೆಲಸಕ್ಕೆ ಬಂದ ಹೆಂಗಸರು ನಮ್ಮ ಪಕ್ಕದ ಲೈನ್‌ಮನೆಯಲ್ಲೇ ಇದ್ದಾರೆ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಭಾರ ಹಾಕುವುದು

ಸಮಾಧಿಯ ದಾರಿಯಲ್ಲಿ ಮಾರ್ಥ ಇನ್ನೊಂದು ಮಾತು ಹೇಳುತ್ತಾಳೆ, ಅದನ್ನು ಜನ ಅಷ್ಟಾಗಿ ನೆನಪಿಡುವುದಿಲ್ಲ. ದೂರು ಹೇಳಿದ ಬಾಯಲ್ಲೇ, ಈಗಲೂ ನೀವು ಕೇಳಿದರೆ ದೇವರು ಕೊಡುತ್ತಾರೆ ಅಂತ ನನಗೆ ಗೊತ್ತು ಅನ್ನುತ್ತಾಳೆ. ಆಮೇಲೆ, ಬರಬೇಕಾಗಿದ್ದ ರಕ್ಷಕ ನೀವೇ ಎಂದು ಒಪ್ಪಿಕೊಳ್ಳುತ್ತಾಳೆ. ಪೇತ್ರ ಹೇಳಿದ್ದಕ್ಕೆ ಸಮನಾದ ವಿಶ್ವಾಸದ ಮಾತು ಅದು. ಹೇಳಿದ್ದು ತಮ್ಮನನ್ನು ಕಳೆದುಕೊಂಡ, ಸಿಟ್ಟು ಇನ್ನೂ ಆರದ ಹೆಂಗಸು. ಲಾಜರ ಆಗ ಇನ್ನೂ ಸಮಾಧಿಯ ಒಳಗೇ ಇದ್ದ. ಕಲ್ಲು ತೆಗೆಯಿರಿ ಎಂದಾಗ, ನಾಲ್ಕು ದಿನ ಆಯ್ತು, ವಾಸನೆ ಬರುತ್ತದೆ ಅಂತ ತಡೆದವಳೂ ಅವಳೇ. ಮನೆ ನಡೆಸುವವಳ ತಲೆ ಹಾಗೆ, ಪವಾಡದ ಹೊತ್ತಿನಲ್ಲೂ ವಾಸನೆಯ ಯೋಚನೆ.

ಇದರಿಂದ ನಮಗೆ ಧೈರ್ಯ ಬರುತ್ತದೆ. ದೇವರ ಮೇಲೆ ಭಾರ ಹಾಕುವುದಕ್ಕೆ ಮೊದಲು ಮನಸ್ಸು ಪೂರ್ತಿ ಶಾಂತವಾಗಿರಬೇಕು ಅಂತ ಇಲ್ಲ. ಸಿಟ್ಟು, ದೂರು, ಅನುಮಾನ ಎಲ್ಲವನ್ನೂ ತೆಗೆದುಕೊಂಡೇ ಹೋಗಬಹುದು. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಚಿಂತೆ ಬಿಟ್ಟು ಎಲ್ಲವನ್ನೂ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಲು ಹೇಳುತ್ತಾರೆ. ಆ ಪತ್ರ ಬರೆದದ್ದು ಸೆರೆಮನೆಯಲ್ಲಿ ಕೂತು.

ಭಾರ ಹಾಕಿದ ಮೇಲೆ ಮಳೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಸಾಲ ಮನ್ನಾ ಆಗುತ್ತದೆಯೇ? ಅದೂ ಇಲ್ಲ. ಲಾಜರ ಎದ್ದು ಬಂದ, ಆದರೆ 2018ರಲ್ಲಿ ಮಣ್ಣಿನಡಿ ಹೋದವರು ಎದ್ದು ಬರಲಿಲ್ಲ. ಇದಕ್ಕೆ ಸುಲಭದ ಉತ್ತರ ಕೊಡುವವರನ್ನು ನಂಬಬೇಡಿ. ಭಾರ ಹಾಕಿದವಳಿಗೆ ತಾನು ಒಬ್ಬಳೇ ಅಲ್ಲ ಎಂಬುದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅವಳು ಎದ್ದು ಬಾಗಿಲು ತೆರೆಯುತ್ತಾಳೆ, ಪಕ್ಕದ ಮನೆಯವಳನ್ನು ಕರೆಯುತ್ತಾಳೆ.

ಈ ಮಳೆಗಾಲದಲ್ಲಿ ಸಂಘಗಳು ಒಂದು ಕೆಲಸ ಮಾಡಬಹುದು. ನಿರ್ಣಯ ಪುಸ್ತಕದ ಒಂದು ಪುಟದಲ್ಲಿ, ರಾತ್ರಿ ಮಳೆ ಜೋರಾದರೆ ಯಾರು ಯಾರ ಮನೆಗೆ ಹೋಗುವುದು, ಒಂಟಿಯಾಗಿರುವ ಮುದುಕಿಯನ್ನು ಯಾರು ಕರೆದುಕೊಂಡು ಬರುವುದು, ದಾಖಲೆಗಳನ್ನು ಯಾವ ಪ್ಲಾಸ್ಟಿಕ್ ಚೀಲದಲ್ಲಿ ಇಡುವುದು, ಎಲ್ಲ ಬರೆದುಕೊಳ್ಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಅದನ್ನೂ ಬರೆಯಿರಿ. ಬರೆದ ಮೇಲೆ ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡಿ ಮನೆಗೆ ಹೋಗಿ ಮಲಗಿ.

ಮಾರ್ಥ ಶುಭಸಂದೇಶದಲ್ಲಿ ಇನ್ನೊಮ್ಮೆ ಬರುತ್ತಾಳೆ, ಯೊವಾನ್ನ 12ರಲ್ಲಿ. ಪಾಸ್ಕ ಹಬ್ಬಕ್ಕೆ ಆರು ದಿನ ಇರುವಾಗ ಬೆಥಾನಿಯದಲ್ಲಿ ಒಂದು ಊಟ. ಲಾಜರ ಪಂಕ್ತಿಯಲ್ಲಿ ಕೂತಿದ್ದಾನೆ. ಮರಿಯ ಬೆಲೆಬಾಳುವ ಸುಗಂಧ ತೈಲ ತಂದು ಸ್ವಾಮಿಯ ಪಾದಕ್ಕೆ ಸುರಿಯುತ್ತಾಳೆ, ಆ ದುಡ್ಡಿನ ಬಗ್ಗೆ ಯೂದ ತಕರಾರು ತೆಗೆಯುತ್ತಾನೆ. ಮಾರ್ಥಳ ಬಗ್ಗೆ ಎರಡು ಮೂರು ಪದ ಮಾತ್ರ ಇದೆ. ಅವಳು ಬಡಿಸುತ್ತಿದ್ದಳು ಅಂತ. ಈ ಸಲ ದೂರು ಇಲ್ಲ. ಕೆಲಸ ಮೊದಲಿನದ್ದೇ, ಜನವೂ ಬಹುಶಃ ಮೊದಲಿನಷ್ಟೇ.

ಸಭೆಯಲ್ಲಿ ಮಾತಾಡಲು: ಈ ವಾರ ನಿಮ್ಮ ನಿದ್ದೆ ಕೆಡಿಸಿದ್ದು ಯಾವುದು? ಅದರಲ್ಲಿ ಸಂಘದವರು ಸೇರಿ ಎತ್ತಬಹುದಾದ ಭಾಗ ಎಷ್ಟು? ಕಳೆದ ಎರಡು ಸಭೆಗೆ ಬಾರದವರು ಯಾರು, ಅವರ ಮನೆಗೆ ಇವತ್ತು ಯಾರು ಹೋಗುತ್ತೀರಿ?